ಊರಿಲ್ಲದ ತಂಡ

ಕೇಳುಗರಿಗೆ ನಮಸ್ಕಾರ. ಇಂಗ್ಲೆಂಡಿನ ಫುಟ್‌ಬಾಲ್ ಪಂದ್ಯಾವಳಿ ಎಫ್‌ಎ ಕಪ್ಪನ್ನು ಮೊಟ್ಟಮೊದಲು ಗೆದ್ದವರು ಯಾರು ಅಂತ ಕೇಳಿದರೆ ಜಾಸ್ತಿ ಜನ ಈಗಿನ ದೊಡ್ಡ ತಂಡಗಳ ಹೆಸರನ್ನೇ ಹೇಳುತ್ತಾರೆ. ದಯವಿಟ್ಟು ಹಾಗೆ ಹೇಳಬೇಡಿ. ಗೆದ್ದದ್ದು ವಾಂಡರರ್ಸ್, ಅಂದರೆ ಅಲೆಮಾರಿಗಳು. ಆ ಹೆಸರು ಸುಮ್ನೆ ಬಂದದ್ದಲ್ಲ. ಅವರಿಗೆ ಸ್ವಂತ ಮೈದಾನವೇ ಇರಲಿಲ್ಲ. ಇದೊಂದನ್ನು ನೆನಪಿಡಿ.

1859ರಲ್ಲಿ ಲಂಡನ್ನಿನ ಎಪ್ಪಿಂಗ್ ಕಾಡಿನಂಚಿನಲ್ಲಿ, ಹ್ಯಾರೋ ಶಾಲೆಯಲ್ಲಿ ಓದಿದ ಕೆಲವು ಯುವಕರು ಈ ತಂಡ ಕಟ್ಟಿದರು. ಆಗ ಹೆಸರು ಫಾರೆಸ್ಟ್, ಅಂದರೆ ಕಾಡು. 1864ರಲ್ಲಿ ಕಾಡು ಬಿಟ್ಟರು, ಹೆಸರೂ ಬದಲಾಯಿತು. ಆಡಿದ್ದು ಲಂಡನ್ನಿನಲ್ಲೇ, ಒಮ್ಮೆ ಬ್ಯಾಟರ್ಸೀ ಪಾರ್ಕು, ಇನ್ನೊಮ್ಮೆ ಓವಲ್ ಮೈದಾನ. ಆಡಿದ್ದಕ್ಕೆ ಯಾರಿಗೂ ಕಾಸಿಲ್ಲ.

ಈಗ ನನಗೆ ತುಂಬಾ ಇಷ್ಟವಾದ ಕಥೆ. 1872ರ ಮಾರ್ಚ್ 16, ಓವಲ್ ಮೈದಾನ, ಮೊದಲ ಫೈನಲ್. ಎದುರಿಗೆ ಸೇನೆಯ ರಾಯಲ್ ಎಂಜಿನಿಯರ್ಸ್. ಗೋಲಿನ ಮೇಲೆ ಅಡ್ಡಮರವೂ ಇಲ್ಲ, ಬರೀ ಒಂದು ಟೇಪು ಕಟ್ಟಿದ್ದರು. ಶುರುವಾದ ಸ್ವಲ್ಪ ಹೊತ್ತಿಗೇ ಎಂಜಿನಿಯರ್ಸ್‌ನ ಕ್ರೆಸ್‌ವೆಲ್ ಕಾಲರ್ ಬೋನ್ ಮುರಿದುಕೊಂಡರು. ಬದಲಿ ಆಟಗಾರ ಅನ್ನೋದೇ ಇಲ್ಲದ ಕಾಲ. ಅವರು ಹೊರಗೆ ಹೋಗಲಿಲ್ಲ, ಕೊನೆಯವರೆಗೂ ಆಡಿದರು! ವಾಂಡರರ್ಸ್ 1–0 ಗೆದ್ದಿತು. ಆ ಒಂದು ಗೋಲು ಹೊಡೆದವರ ಹೆಸರು ಆಟಗಾರರ ಪಟ್ಟಿಯಲ್ಲಿ ಎ. ಎಚ್. ಚೆಕರ್. ಅಂಥ ಮನುಷ್ಯನೇ ಇಲ್ಲ! ಆತ ಮಾರ್ಟನ್ ಬೆಟ್ಸ್. ಹ್ಯಾರೋ ಚೆಕರ್ಸ್ ಅನ್ನೋ ಇನ್ನೊಂದು ತಂಡದವರು, ಎ ಹ್ಯಾರೋ ಚೆಕರ್ ಅನ್ನೋದನ್ನೇ ಚಿಕ್ಕದಾಗಿಸಿ ಹೆಸರು ಮಾಡಿಕೊಂಡಿದ್ದರು. ಮೊದಲ ಸುತ್ತಿನಲ್ಲಿ ವಾಂಡರರ್ಸ್ ಎದುರು ಆಡಬೇಕಿದ್ದದ್ದೇ ಆ ತಂಡ, ಅದು ಆಡದೆ ಹಿಂದೆ ಸರಿದಿತ್ತು. ನೋಡಿ, ಕಪ್ ಗೆಲ್ಲಿಸಿದವರೂ ಬೇರೆ ಮನೆಯವರು.

ಸಮಯ ಕಡಿಮೆ ಇದೆ, ಬೇಗ ಹೇಳುತ್ತೇನೆ. 1873ರಲ್ಲಿ ಮತ್ತೆ ಕಪ್. 1876, 77, 78ರಲ್ಲಿ ಸತತ ಮೂರು. ಮೂರು ಸಲ ಸತತ ಗೆದ್ದವರಿಗೆ ಕಪ್ ಶಾಶ್ವತವಾಗಿ ಸೇರಬೇಕಿತ್ತು. ಇನ್ನು ಯಾರೂ ಅದನ್ನು ಹಾಗೆ ಇಟ್ಟುಕೊಳ್ಳಬಾರದು ಅಂತ ಕರಾರು ಹಾಕಿ ಅವರು ವಾಪಸ್ ಕೊಟ್ಟರು.

ಹಾಗಾದರೆ ಮುಳುಗಿದ್ದು ಯಾಕೆ? ಆಟ ಕೆಟ್ಟು ಅಲ್ಲ. ಊರಿಲ್ಲ, ಮೈದಾನವಿಲ್ಲ, ನಮ್ಮ ತಂಡ ಅನ್ನೋ ಜನವಿಲ್ಲ. ಆಟಗಾರರು ತಂತಮ್ಮ ಶಾಲೆಯ ಹಳೆ ವಿದ್ಯಾರ್ಥಿಗಳ ತಂಡಗಳಿಗೆ ಹೊರಟರು. 1878ರ ಕಪ್ ಗೆದ್ದ ತಂಡದಲ್ಲಿದ್ದ ಆಟಗಾರ ಕಿನ್ನೇರ್ಡ್ ಮುಂದಿನ ಸೀಸನ್ನಿಗೆ ಎಟನ್ ಶಾಲೆಯ ಹಳೆ ವಿದ್ಯಾರ್ಥಿಗಳ ತಂಡವಾದ ಓಲ್ಡ್ ಎಟೋನಿಯನ್ಸ್‌ನಲ್ಲಿದ್ದರು. ಅದೇ ತಂಡ ವಾಂಡರರ್ಸನ್ನು ಮೊದಲ ಸುತ್ತಿನಲ್ಲೇ 7–2ರಿಂದ ಸೋಲಿಸಿತು. ಆಮೇಲೆ ಹನ್ನೊಂದು ಜನ ಸೇರುವುದೇ ಕಷ್ಟವಾಯಿತು. ಕೊನೆಗೆ ಉಳಿದದ್ದು ವರ್ಷಕ್ಕೊಂದು ಪಂದ್ಯ, ಕ್ರಿಸ್‌ಮಸ್ ಹೊತ್ತಿಗೆ, ಹ್ಯಾರೋ ಶಾಲೆಯ ಹುಡುಗರ ಜೊತೆ.