ಎರಡು ದ್ವೀಪ, ಇಬ್ಬರು ಪೊಲೀಸರು

ಕೇಳುಗರಿಗೆ ನಮಸ್ಕಾರ.

ಇವತ್ತು ನಾನು ಮಾತಾಡಲಿರುವ ಎರಡು ಸಿನಿಮಾಗಳ ಹೆಸರೂ ಒಂದೇ, ಕಥೆಯ ಎಲುಬೂ ಒಂದೇ. ‘ದಿ ವಿಕರ್ ಮ್ಯಾನ್’. ಮೊದಲನೆಯದು 1973ರದು, ಬ್ರಿಟನ್ನಿನದು. ಎರಡನೆಯದು 2006ರದು, ಹಾಲಿವುಡ್ಡಿನದು. ಎರಡರಲ್ಲೂ ಒಬ್ಬ ಪೊಲೀಸ್ ಕಾಣೆಯಾದ ಹುಡುಗಿಯನ್ನು ಹುಡುಕಿಕೊಂಡು ಒಂದು ದ್ವೀಪಕ್ಕೆ ಹೋಗುತ್ತಾನೆ. ಎರಡರಲ್ಲೂ ಕೊನೆಗೆ ದ್ವೀಪದವರು ಅವನನ್ನು ಕಡ್ಡಿ ಹೆಣೆದು ಮಾಡಿದ ದೈತ್ಯ ಬೊಂಬೆಯೊಳಗೆ ಕೂಡಿ ಸುಡುತ್ತಾರೆ. ಹೌದು, ಕೊನೆಯನ್ನು ಹೇಳಿಬಿಟ್ಟೆ. ಹೇಳದೆ ಈ ಎರಡನ್ನು ಹೋಲಿಸೋದು ಸಾಧ್ಯವೇ ಇಲ್ಲ. ಮೊದಲನೆಯದು ಕೊನೆ ಗೊತ್ತಿದ್ದರೂ ಕೆಡದ ಸಿನಿಮಾ. ಎರಡನೆಯದರಲ್ಲಿ ಕೆಡೋದಕ್ಕೆ ಏನೂ ಉಳಿದಿಲ್ಲ ಅಂತ ನೋಡಿದವರು ಹೇಳುತ್ತಾರೆ. ಅದು ಪೂರ್ತಿ ನ್ಯಾಯದ ಮಾತಲ್ಲ, ಮುಂದೆ ಹೇಳುತ್ತೇನೆ.

ಮೊದಲು 1973ರ ಕಥೆ. ಸಾರ್ಜೆಂಟ್ ಹೋವಿ ಸ್ಕಾಟ್ಲೆಂಡಿನ ಪೊಲೀಸ್ ಅಧಿಕಾರಿ. ಕಟ್ಟಾ ಕ್ರೈಸ್ತ. ಮದುವೆ ನಿಶ್ಚಯವಾಗಿದೆ, ಅಲ್ಲಿಯವರೆಗೆ ಹೆಣ್ಣನ್ನು ಮುಟ್ಟುವುದಿಲ್ಲ ಅನ್ನುವ ನೇಮದವನು. ರೋವನ್ ಅನ್ನುವ ಹುಡುಗಿ ಕಾಣೆಯಾಗಿದ್ದಾಳೆ ಅಂತ ಅವನಿಗೆ ಒಂದು ಅನಾಮಧೇಯ ಪತ್ರ ಬರುತ್ತದೆ. ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನವನ್ನು ತಾನೇ ಓಡಿಸಿಕೊಂಡು ಸಮ್ಮರೈಲ್ ದ್ವೀಪಕ್ಕೆ ಹೋಗುತ್ತಾನೆ. ಅಲ್ಲಿ ಯಾರನ್ನು ಕೇಳಿದರೂ ಅಂಥ ಹುಡುಗಿಯೇ ಇಲ್ಲ ಅನ್ನುತ್ತಾರೆ. ಹುಡುಗಿಯ ತಾಯಿಯೂ ಹಾಗೇ ಹೇಳುತ್ತಾಳೆ. ಅವಳ ಪುಟ್ಟ ಮಗಳು ಮಾತ್ರ, ರೋವನ್ ಗೊತ್ತು, ಅವಳು ಮೊಲ, ಹೊಲದಲ್ಲಿ ಓಡಾಡಿಕೊಂಡಿದ್ದಾಳೆ ಅನ್ನುತ್ತಾಳೆ.

ದ್ವೀಪದವರು ಕ್ರಿಸ್ತನನ್ನು ಬಿಟ್ಟು ಹಳೆಯ ದೇವರುಗಳ ಕಡೆಗೆ ಹೋಗಿದ್ದಾರೆ. ಸೂರ್ಯ, ತೋಟ, ಬೀಜ, ಬೆಂಕಿ ಇವೇ ಅವರ ದೈವಗಳು. ಶಾಲೆಯಲ್ಲಿ ಮಕ್ಕಳಿಗೆ ಸೃಷ್ಟಿಯ ಪಾಠವನ್ನು ನಾಚಿಕೆಯಿಲ್ಲದೆ ಹೇಳಿಕೊಡುತ್ತಾರೆ. ಗಂಟಲು ನೋವಾದ ಮಗುವಿನ ಬಾಯೊಳಗೆ ಕಪ್ಪೆ ಇಟ್ಟು ತೆಗೆಯುತ್ತಾರೆ. ರಾತ್ರಿ ಪ್ರೇಮಿಗಳು ಬಯಲಲ್ಲೇ ಮಲಗುತ್ತಾರೆ. ಹೋವಿಗೆ ಮೈಯೆಲ್ಲ ಉರಿ. ಆದರೆ ಒಂದು ವಿಷಯ ಗಮನಿಸಿ. ಅಲ್ಲಿ ಯಾರ ಮುಖದಲ್ಲೂ ಕ್ರೌರ್ಯ ಇಲ್ಲ. ಎಲ್ಲರೂ ನಗುತ್ತಾರೆ, ಹಾಡುತ್ತಾರೆ. ಹೋವಿಗಿಂತ ಅವರೇ ಸುಖವಾಗಿದ್ದಾರೆ ಅನ್ನಿಸುತ್ತದೆ. ನಿರ್ದೇಶಕ ರಾಬಿನ್ ಹಾರ್ಡಿ ಮತ್ತು ಚಿತ್ರಕಥೆ ಬರೆದ ಆಂಥನಿ ಶಾಫರ್ ಇಬ್ಬರೂ ಇಲ್ಲಿ ನಮ್ಮ ಜೊತೆ ಆಟವಾಡುತ್ತಾರೆ. ನಾವು ಸುಮಾರು ಹೊತ್ತು ದ್ವೀಪದವರ ಕಡೆಗೇ ಇರುತ್ತೇವೆ. ಈ ಪೊಲೀಸಪ್ಪ ಯಾಕಿಷ್ಟು ಸಿಡುಕುತ್ತಾನೆ, ಸ್ವಲ್ಪ ಸುಮ್ನಿರಬಾರದಾ ಅನ್ನಿಸುತ್ತದೆ.

ಶಾಲೆಯ ದೃಶ್ಯದಲ್ಲಿ ಒಂದು ಸಣ್ಣ ಸಂಗತಿ ಇದೆ. ಹೋವಿ ಖಾಲಿ ಡೆಸ್ಕಿನ ಮುಚ್ಚಳ ತೆಗೆಯುತ್ತಾನೆ. ಒಳಗೆ ಒಂದು ಜೀರುಂಡೆ. ಅದಕ್ಕೆ ದಾರ ಕಟ್ಟಿ ಒಂದು ಮೊಳೆಗೆ ಬಿಗಿದಿದ್ದಾರೆ. ಅದು ಒಂದೇ ದಿಕ್ಕಿನಲ್ಲಿ ಸುತ್ತುತ್ತಾ ಸುತ್ತುತ್ತಾ ಮೊಳೆಗೆ ಹತ್ತಿರವಾಗುತ್ತಾ ಹೋಗುತ್ತದೆ ಅಂತ ಪಕ್ಕದ ಹುಡುಗಿ ತಣ್ಣಗೆ ವಿವರಿಸುತ್ತಾಳೆ. ಇಡೀ ಸಿನಿಮಾ ಅದೇ. ಹೋವಿ ಮುಂದೆ ಹಾಕುವ ಒಂದೊಂದು ಹೆಜ್ಜೆಯೂ ಆ ದಾರವನ್ನು ಗಿಡ್ಡ ಮಾಡುತ್ತದೆ.

ಗುಟ್ಟು ಬಿಚ್ಚಿಕೊಳ್ಳುವುದು ಕೊನೆಯ ಕೆಲವು ನಿಮಿಷಗಳಲ್ಲಿ. ದ್ವೀಪದ ಬದುಕು ಸೇಬಿನ ಬೆಳೆಯ ಮೇಲೆ ನಿಂತಿದೆ. ಈಗಿನ ಒಡೆಯ ಲಾರ್ಡ್ ಸಮ್ಮರೈಲ್‌ನ ಅಜ್ಜ ವಿಜ್ಞಾನಿ, 1868ರಲ್ಲಿ ದ್ವೀಪವನ್ನು ಕೊಂಡು ಹೊಸ ತಳಿಯ ಸೇಬು ಬೆಳೆಸಿದವನು. ಜನರನ್ನು ಹುರಿದುಂಬಿಸಿ ದುಡಿಸಲು ಅವರ ಹಳೆಯ ದೇವರುಗಳನ್ನು ಅವರಿಗೇ ವಾಪಸ್ ಕೊಟ್ಟ. ಅಜ್ಜನಿಗೆ ಅದು ಉಪಾಯ. ಮೊಮ್ಮಗನ ಕಾಲಕ್ಕೆ ಅದೇ ನಂಬಿಕೆ. ಹೋದ ವರ್ಷ ಬೆಳೆ ಕೈಕೊಟ್ಟಿದೆ. ಸುಗ್ಗಿಯ ಫೋಟೋಗಳ ಸಾಲಿನಲ್ಲಿ ಆ ವರ್ಷದ ಫೋಟೋ ಇಲ್ಲದಿರುವುದನ್ನು ಹೋವಿ ಗಮನಿಸುತ್ತಾನೆ. ಸೇಬಿನ ನಾಡಿನಲ್ಲಿ ಊಟಕ್ಕೆ ಡಬ್ಬಿಯ ಹಣ್ಣು ಬರುತ್ತದೆ. ರೋವನ್‌ಳನ್ನು ಬಲಿ ಕೊಡುತ್ತಾರೆ ಅಂತ ಅವನು ತರ್ಕ ಮಾಡುತ್ತಾನೆ. ಬಲಿ ಇರುವುದು ನಿಜ. ಆದರೆ ಬಲಿ ರೋವನ್ ಅಲ್ಲ, ಅವನೇ.

ಯಾಕೆ ಅವನೇ? ನನಗೆ ಈ ಸಿನಿಮಾದ ಬೆನ್ನೆಲುಬು ಅನ್ನಿಸುವುದು ಇದಕ್ಕೆ ಸಿಗುವ ಉತ್ತರ. ಅವರಿಗೆ ಬೇಕಾದ ಬಲಿಗೆ ನಾಲ್ಕು ಲಕ್ಷಣ ಇರಬೇಕು. ತಾನಾಗಿಯೇ ಬಂದಿರಬೇಕು. ರಾಜನ ಅಧಿಕಾರ ಹೊತ್ತು ಬಂದಿರಬೇಕು, ಕಾನೂನಿನ ಪ್ರತಿನಿಧಿಯಾಗಿ ಹೋವಿ ಬಂದಿದ್ದಾನೆ. ಬ್ರಹ್ಮಚಾರಿಯಾಗಿರಬೇಕು. ಮೂರ್ಖನಾಗಿ ಬಂದಿರಬೇಕು, ಮೇ ಹಬ್ಬದ ಮೆರವಣಿಗೆಯಲ್ಲಿ ಹೋವಿ ತಾನೇ ಕೋಡಂಗಿಯ ವೇಷ ಕದ್ದು ತೊಟ್ಟಿದ್ದಾನೆ. ಈ ಪಟ್ಟಿಯನ್ನು ಕೇಳಿದ ಮೇಲೆ ಹಿಂದಿನ ದೃಶ್ಯಗಳೆಲ್ಲ ಬೇರೆ ಬಣ್ಣ ತಾಳುತ್ತವೆ. ಅವನು ತಂಗಿದ್ದ ಪಬ್ಬಿನ ಒಡೆಯನ ಮಗಳು ವಿಲೋ ಪಕ್ಕದ ಕೋಣೆಯಲ್ಲಿ ಬೆತ್ತಲೆಯಾಗಿ ಗೋಡೆ ತಟ್ಟುತ್ತಾ ಹಾಡಿ ಕುಣಿದದ್ದು ಬರೀ ಮೋಹ ಅಂದುಕೊಂಡಿದ್ದೆವು. ಅದು ಪರೀಕ್ಷೆ. ಅವನು ಬಾಗಿಲು ತೆಗೆದಿದ್ದರೆ ಬದುಕುತ್ತಿದ್ದ! ಬೆವರಿ ನೀರಾಗಿ, ಗೋಡೆಗೆ ಒರಗಿ, ತೆಗೆಯದೆ ಉಳಿದ. ಮರುದಿನ ಬೆಳಿಗ್ಗೆ ಅವಳು, ಮೇ ಹಬ್ಬಕ್ಕೆ ನೀವಿಲ್ಲಿ ಇರದಿದ್ದರೇ ಒಳ್ಳೆಯದು ಅನ್ನುವ ಅರ್ಥದ ಮಾತನ್ನೂ ಆಡುತ್ತಾಳೆ. ಅವನ ನಂಬಿಕೆ, ಅವನ ಕರ್ತವ್ಯ, ಮಗುವನ್ನು ಉಳಿಸುವ ಅವನ ಹಟ, ಅಂದರೆ ಅವನಲ್ಲಿ ಏನೇನು ಒಳ್ಳೆಯದಿದೆಯೋ ಎಲ್ಲ ಸೇರಿ ಅವನನ್ನು ಕೊಲ್ಲುತ್ತದೆ.

ಇನ್ನು ಬೆಂಕಿ. ರೋಮಿನ ಜೂಲಿಯಸ್ ಸೀಸರ್ ಗಾಲ್, ಅಂದರೆ ಇಂದಿನ ಫ್ರಾನ್ಸ್ ಕಡೆಯ ನಾಡಿನ ಯುದ್ಧದ ಬಗ್ಗೆ ಬರೆದದ್ದರಲ್ಲಿ, ಅಲ್ಲಿನವರು ಕಡ್ಡಿ ಹೆಣೆದ ದೊಡ್ಡ ಆಕೃತಿಗಳೊಳಗೆ ಜೀವಂತ ಮನುಷ್ಯರನ್ನು ತುಂಬಿ ಸುಡುತ್ತಾರೆ ಅಂತ ಒಂದು ಮಾತಿದೆ. ಗೆಲ್ಲಲು ಹೊರಟವನು ಎದುರಾಳಿಗಳ ಬಗ್ಗೆ ಬರೆದದ್ದು, ನಂಬುವುದೂ ಬಿಡುವುದೂ ಓದುವವರಿಗೆ ಬಿಟ್ಟದ್ದು. ಸಿನಿಮಾದವರು ಅದನ್ನೂ, ಜೇಮ್ಸ್ ಫ್ರೇಜರ್‌ನ ‘ದಿ ಗೋಲ್ಡನ್ ಬೋ’ ಅನ್ನುವ ದೊಡ್ಡ ಗ್ರಂಥದ ಆಚರಣೆಗಳನ್ನೂ ಕಲಸಿ ಒಂದು ಹೊಸ ಧರ್ಮವನ್ನೇ ಕಟ್ಟಿದರು. ಅದು ಅಷ್ಟು ಗಟ್ಟಿಯಾಗಿದೆ ಅಂದರೆ, ಶುರುವಿನಲ್ಲೇ ಲಾರ್ಡ್ ಸಮ್ಮರೈಲ್‌ಗೂ ದ್ವೀಪದ ಜನರಿಗೂ ಧನ್ಯವಾದ ಹೇಳುವ ಬರಹ ಬಂದಾಗ ನಾವು ನಂಬಿಬಿಡುತ್ತೇವೆ.

ಇದೆಲ್ಲ ನಡೆಯುವುದು ಹಗಲಲ್ಲಿ. ನೆರಳಿಲ್ಲ, ಕಿರುಗುಟ್ಟುವ ಬಾಗಿಲಿಲ್ಲ. ವಸಂತದ ಹೂಗಳು ಅರಳಿವೆ. ನಿಜವಾಗಿ ಚಿತ್ರೀಕರಣ ಆದದ್ದು 1972ರ ಚಳಿಯಲ್ಲಿ, ಅಕ್ಟೋಬರ್-ನವೆಂಬರ್‌ನಲ್ಲಿ, ಸ್ಕಾಟ್ಲೆಂಡಿನ ಗ್ಯಾಲೋವೇ ಸುತ್ತಮುತ್ತ. ಬೋಳು ಮರಗಳಿಗೆ ಕೃತಕ ಹೂ ಅಂಟಿಸಿದರು. ಬಾಯಿಂದ ಆವಿ ಬರಬಾರದು ಅಂತ ನಟರು ಐಸ್ ಚೀಪಿದರಂತೆ. ಆ ತೆಳು ಬಟ್ಟೆಯಲ್ಲಿ ನಗುತ್ತಿರುವವರು ನಡುಗುತ್ತಿದ್ದರು ಅನ್ನುವುದು ಗೊತ್ತಾದ ಮೇಲೆ ಆ ನಗು ಇನ್ನೂ ವಿಚಿತ್ರವಾಗಿ ಕಾಣುತ್ತದೆ.

ಬಾನುಲಿಯಲ್ಲಿ ಕೂತು ಇದರ ಹಾಡುಗಳ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಸಂಗೀತ ಮಾಡಿದ್ದು ಪಾಲ್ ಜಿಯೋವಾನಿ ಅನ್ನುವ ಅಮೆರಿಕನ್. ಗಿಟಾರು, ಕೊಳಲು, ಪಿಟೀಲು, ಮನುಷ್ಯರ ದನಿ. ಶುರುವಿನಲ್ಲಿ ಸ್ಕಾಟಿಷ್ ಕವಿ ರಾಬರ್ಟ್ ಬರ್ನ್ಸ್‌ನ ಪ್ರೇಮಗೀತೆ. ಪಬ್ಬಿನಲ್ಲಿ ಪೋಲಿ ಹಾಡು. ಶಾಲೆಯಲ್ಲಿ ಕಂಬದ ಸುತ್ತ ಕುಣಿಯುವ ಹಾಡು. ಹೆದರಿಕೊಳ್ಳಿ ಅಂತ ಯಾವ ಹಾಡೂ ಹೇಳುವುದಿಲ್ಲ. ಕೊನೆಯಲ್ಲಂತೂ ಎರಡು ಹಾಡುಗಳು ಎದುರುಬದುರಾಗುತ್ತವೆ. ಬೊಂಬೆಯೊಳಗಿಂದ ಹೋವಿ ಬೈಬಲ್ಲಿನ 23ನೇ ಕೀರ್ತನೆ ಹಾಡುತ್ತಾನೆ, ಕರ್ತನೇ ನನ್ನ ಕುರುಬ ಅನ್ನುವುದು. ಹೊರಗೆ ದ್ವೀಪದವರು ಕೈ ಕೈ ಹಿಡಿದು, ತೂಗಾಡುತ್ತಾ, 13ನೇ ಶತಮಾನದ ಇಂಗ್ಲಿಷ್ ಬೇಸಿಗೆ ಹಾಡು ಹಾಡುತ್ತಾರೆ. ಎರಡು ಕಡೆಯವರೂ ತಮ್ಮ ದೇವರು ಕೇಳುತ್ತಿದ್ದಾನೆ ಅಂತ ನಂಬಿದ್ದಾರೆ. ಯಾವ ದೇವರೂ ಉತ್ತರ ಕೊಡುವುದಿಲ್ಲ.

ಈಗ 2006ಕ್ಕೆ ಬರೋಣ. ಬರೆದು ನಿರ್ದೇಶಿಸಿದವರು ನೀಲ್ ಲಾಬ್ಯೂಟ್. ಪೊಲೀಸ್ ಆಗಿರುವವರು ನಿಕೋಲಸ್ ಕೇಜ್. ಇವನ ಹೆಸರು ಎಡ್ವರ್ಡ್ ಮೇಲಸ್, ಕ್ಯಾಲಿಫೋರ್ನಿಯಾದವನು. ರಸ್ತೆಯಲ್ಲಿ ಒಂದು ಕಾರು ಅವನ ಕಣ್ಣೆದುರೇ ಹೊತ್ತಿ ಉರಿದಿದೆ, ಒಳಗಿದ್ದ ತಾಯಿ-ಮಗಳನ್ನು ಉಳಿಸಲಾಗಲಿಲ್ಲ. ಆ ಕೊರಗಿನಲ್ಲಿ ಮಾತ್ರೆ ನುಂಗುತ್ತಾ ಇರುವಾಗ ಹಳೆಯ ಪ್ರೇಯಸಿಯ ಪತ್ರ ಬರುತ್ತದೆ, ಇವಳ ಹೆಸರೂ ವಿಲೋ. ನನ್ನ ಮಗಳು ಕಾಣೆಯಾಗಿದ್ದಾಳೆ, ಬಾ ಅಂತ. ದ್ವೀಪ ಈಗ ವಾಷಿಂಗ್ಟನ್ ರಾಜ್ಯದ ಕರಾವಳಿಯಲ್ಲಿದೆ. ಸೇಬಿನ ಬದಲು ಜೇನು. ಲಾರ್ಡ್ ಬದಲು ಒಬ್ಬ ಹಿರಿಯ ಹೆಂಗಸು, ಎಲೆನ್ ಬರ್ಸ್ಟಿನ್ ಮಾಡಿರುವ ಪಾತ್ರ. ದ್ವೀಪ ಹೆಂಗಸರದು. ಗಂಡಸರು ಬಾಯಿಬಿಡದೆ ಕೂಲಿ ಮಾಡುವವರು.

ಕಾಗದದ ಮೇಲೆ ಇದು ಕೆಟ್ಟ ಯೋಚನೆ ಅಲ್ಲ. ಜೇನುಗೂಡಿನಲ್ಲಿ ರಾಣಿ, ಕೆಲಸಗಾರ ಹೆಣ್ಣುನೊಣಗಳು, ರಾಣಿಯನ್ನು ಕೂಡುವುದಕ್ಕಷ್ಟೇ ಇರುವ ಗಂಡುನೊಣಗಳು. ಚಳಿಗಾಲ ಬಂದರೆ ಗಂಡುನೊಣಗಳನ್ನು ಗೂಡಿನಿಂದ ಆಚೆ ದಬ್ಬುತ್ತವೆ. ಅಂಥ ನಿಯಮದ ಮೇಲೆ ಒಂದು ಊರು ಕಟ್ಟಿದರೆ ನಿಜಕ್ಕೂ ಮೈ ನಡುಗುವ ಕಥೆ ಆಗಬಹುದಿತ್ತು. ಹಳೆಯದನ್ನು ಹಾಗೇ ಅಚ್ಚು ಹೊಡೆಯದೆ ಬೇರೆ ದಾರಿ ಹುಡುಕಿದ ಧೈರ್ಯಕ್ಕೆ ನಾನು ಅಂಕ ಕೊಡುತ್ತೇನೆ. ಮೊದಲೇ ಹೇಳಿದ ನ್ಯಾಯದ ಮಾತು ಇದೇ. ಅಂಕ ಅಲ್ಲಿಗೆ ಮುಗಿಯಿತು.

ಯಾಕಂದರೆ ಲಾಬ್ಯೂಟ್ ಕಥೆಯ ಒಳಗಿನ ಮೊಳೆಯನ್ನೇ ಕಿತ್ತುಬಿಟ್ಟರು. ಮೇಲಸ್‌ಗೆ ಯಾವ ದೇವರೂ ಇಲ್ಲ. ಅವನಿಗಿರುವುದು ಬರೀ ಕೊರಗು. ಹಾಗಾಗಿ ದ್ವೀಪದವರ ಪೂಜೆ ಅವನಿಗೆ ವಿಚಿತ್ರವಾಗಿ ಕಾಣುತ್ತದೆ, ಅಷ್ಟೇ. ಅದರಿಂದ ಅವನ ಆತ್ಮಕ್ಕೆ ಏನೂ ಆಗುವುದಿಲ್ಲ. ಎರಡು ನಂಬಿಕೆಗಳ ಜಗಳ ಹೋಗಿ, ಒಬ್ಬ ಗಂಡಸು ಹೆಂಗಸರ ನಡುವೆ ಸಿಕ್ಕಿಹಾಕಿಕೊಂಡ ಜಗಳ ಉಳಿಯಿತು. ಅದೂ ಒಂದೇ ಕಡೆಯಿಂದ ಹೇಳಿದ್ದು. ದ್ವೀಪದ ಹೆಂಗಸರು ಮೊದಲ ದೃಶ್ಯದಿಂದಲೇ ಗಂಟುಮುಖ ಹಾಕಿಕೊಂಡು, ಗುಟ್ಟಿದೆ ಗುಟ್ಟಿದೆ ಅಂತ ಸಾರುತ್ತಿರುತ್ತಾರೆ. ಅವರ ಕಡೆಗೆ ವಾಲುವ ಆಸೆ ನಮಗೆ ಒಂದು ಕ್ಷಣವೂ ಹುಟ್ಟುವುದಿಲ್ಲ.

ಬಲಿಗೆ ಇವನೇ ಯಾಕೆ ಬೇಕಿತ್ತು ಅನ್ನುವುದಕ್ಕೆ ಇಲ್ಲಿ ಸಿಗುವ ಉತ್ತರ ರಕ್ತಸಂಬಂಧ. ಕಾಣೆಯಾದ ಹುಡುಗಿ ಇವನದೇ ಮಗಳು. ಕೊನೆಗೆ ಬೆಂಕಿ ಇಡುವವಳೂ ಅವಳೇ. ತಿರುವು ದೊಡ್ಡದೇ, ಆದರೆ ಮೇಲಸ್ ಏನು ಮಾಡಿದ, ಏನು ಮಾಡಲಿಲ್ಲ ಅನ್ನುವುದಕ್ಕೆ ಅಲ್ಲಿ ಬೆಲೆಯೇ ಇಲ್ಲ. ಅವನು ಬ್ರಹ್ಮಚಾರಿ ಅಲ್ಲ, ಇರಬೇಕಾಗಿಯೂ ಇಲ್ಲ. ಯಾವ ಬಾಗಿಲನ್ನು ತೆರೆದಿದ್ದರೂ ಅವನು ಉಳಿಯುತ್ತಿರಲಿಲ್ಲ. ವರ್ಷಗಳ ಹಿಂದೆ ಯಾರನ್ನೋ ಪ್ರೀತಿಸಿದ್ದೇ ಅವನ ಗತಿಯನ್ನು ಬರೆದುಬಿಟ್ಟಿತ್ತು. ಇದರಲ್ಲೂ ಒಂದು ಕಹಿ ಇದೆ ನಿಜ, ಅದನ್ನು ಹಿಡಿದು ಹೋಗಿದ್ದರೆ ಬೇರೆ ಮಾತು. ಸಿನಿಮಾಗೆ ಅಷ್ಟು ತಾಳ್ಮೆ ಇಲ್ಲ.

ಬದಲಿಗೆ ಏನಾಗುತ್ತದೆ? ಮೇಲಸ್ ಬಂದೂಕು ತೋರಿಸಿ ಸೈಕಲ್ ಕಿತ್ತುಕೊಳ್ಳುತ್ತಾನೆ. ಕರಡಿ ವೇಷದಲ್ಲಿ ಕಾಡಿನಲ್ಲಿ ಓಡುತ್ತಾನೆ, ಅದೇ ವೇಷದಲ್ಲಿ ಹೆಂಗಸೊಬ್ಬಳಿಗೆ ಗುದ್ದುತ್ತಾನೆ. ಡಿವಿಡಿಯಲ್ಲಿ ಬಂದ ಆವೃತ್ತಿಯಲ್ಲಿ ಅವನ ತಲೆಗೆ ಬಲೆಯ ಮುಖವಾಡ ಹಾಕಿ ಅದರೊಳಗೆ ಜೇನುನೊಣ ಸುರಿಯುತ್ತಾರೆ. ಆಗ ಅವನು ಕಿರುಚುವ ತುಣುಕು ಜಗತ್ತಿನ ತುಂಬ ಓಡಾಡಿತು. ಸಿನಿಮಾ ನೋಡದವರೂ ಅದನ್ನು ನೋಡಿ ನಕ್ಕಿದ್ದಾರೆ. ವರ್ಷದ ಕಳಪೆ ಸಿನಿಮಾಗಳನ್ನು ಆರಿಸುವ ರ‍್ಯಾಜಿ ಪ್ರಶಸ್ತಿಗೆ ಇದು 5 ವಿಭಾಗಗಳಲ್ಲಿ ನಾಮನಿರ್ದೇಶನ ಪಡೆಯಿತು. ಕೆಟ್ಟ ಜೋಡಿ ಅನ್ನುವ ವಿಭಾಗದಲ್ಲಿ ಕೇಜ್ ಮತ್ತು ಆ ಕರಡಿ ವೇಷ! ಹಾಸ್ಯ ಬೇಕೆಂತಲೇ ಮಾಡಿದ್ದು ಅಂತ ಕೇಜ್ ಆಮೇಲೆ ಹೇಳಿದ್ದಾರೆ. ಇರಬಹುದು. ಆದರೆ 1973ರದೂ ತಮಾಷೆಯ ಸಿನಿಮಾನೇ, ಅಲ್ವಾ? ಅಲ್ಲಿ ನಾವು ಹೋವಿಯನ್ನು ನೋಡಿ ನಕ್ಕ ಒಂದೊಂದು ನಗುವಿಗೂ ಕೊನೆಯಲ್ಲಿ ಲೆಕ್ಕ ಒಪ್ಪಿಸಬೇಕಾಗುತ್ತದೆ. ನಾವೂ ದ್ವೀಪದವರ ಜೊತೆ ನಿಂತು ನಕ್ಕಿದ್ದೆವಲ್ಲ.

ಇನ್ನೊಂದು ವ್ಯತ್ಯಾಸ ನನಗೆ ಮುಖ್ಯ ಅನ್ನಿಸುತ್ತದೆ. ಬೆಂಕಿಗೆ ಹೋಗುವ ಮುಂಚೆ ಹೋವಿ ಒಂದು ಮಾತು ಹೇಳುತ್ತಾನೆ. ಈ ಮಣ್ಣಿಗೆ ಸೇಬು ಒಗ್ಗುವುದಿಲ್ಲ, ನನ್ನನ್ನು ಸುಟ್ಟರೂ ಬೆಳೆ ಬರುವುದಿಲ್ಲ, ಮುಂದಿನ ವರ್ಷವೂ ಕೈಕೊಟ್ಟರೆ ಜನ ನಿನ್ನನ್ನೇ ಬಲಿ ಕೇಳುತ್ತಾರೆ ಅಂತ ಲಾರ್ಡ್‌ಗೆ ಎಚ್ಚರಿಸುತ್ತಾನೆ. ಕ್ರಿಸ್ಟೋಫರ್ ಲೀ ಆ ಲಾರ್ಡ್. ಬೆಳೆ ಕೈಕೊಡುವುದಿಲ್ಲ ಅಂತ ಗಟ್ಟಿಯಾಗಿ ಉತ್ತರ ಕೊಡುತ್ತಾನೆ. ಆದರೆ ಆ ಗಟ್ಟಿತನದೊಳಗೆ ಒಂದು ಬಿರುಕು ಕೇಳಿಸುತ್ತದೆ. ಹೊಸ ಸಿನಿಮಾದಲ್ಲಿ ದ್ವೀಪದವರಿಗೆ ಇಂಥ ಅಳುಕು ಒಂದೂ ಇಲ್ಲ. ಚಿತ್ರಮಂದಿರದಲ್ಲಿ ಬಿಡುಗಡೆಯಾದ ಆವೃತ್ತಿಯ ಕೊನೆಗೆ, ದ್ವೀಪದ ಹುಡುಗಿಯರು ಬಾರಿನಲ್ಲಿ ಮತ್ತೆ ಗಂಡಸರನ್ನು ಗಾಳ ಹಾಕಿ ಹಿಡಿಯುವ ಒಂದು ದೃಶ್ಯ ಅಂಟಿಸಿದ್ದಾರೆ. ಬಲಿ ಫಲ ಕೊಟ್ಟಿತೋ ಇಲ್ಲವೋ ಅನ್ನುವುದು ಯಾರಿಗೂ ಬೇಕಿಲ್ಲ. ಕೊಲ್ಲೋದೊಂದು ದಂಧೆ ಆಗಿಹೋಗಿದೆ.

ಮೊದಲ ಸಿನಿಮಾಗೆ ಅದು ಬಂದ ಕಾಲದಲ್ಲಿ ಮರ್ಯಾದೆ ಏನೂ ಸಿಗಲಿಲ್ಲ. ಒಂದು ಟಿಕೆಟ್ಟಿಗೆ ಎರಡು ಸಿನಿಮಾ ತೋರಿಸುವ ಆಟದಲ್ಲಿ ಎರಡನೆಯ ಜಾಗ ಕೊಟ್ಟು, ಅದಕ್ಕೆ ಹೊಂದುವ ಹಾಗೆ ಸುಮಾರು 88 ನಿಮಿಷಕ್ಕೆ ಕತ್ತರಿಸಿದರು. ಲೀ ಈ ಸಿನಿಮಾಗೆ ಸಂಭಾವನೆ ತೆಗೆದುಕೊಂಡಿರಲಿಲ್ಲ. ತನ್ನ ಕೆಲಸದಲ್ಲೇ ಒಳ್ಳೆಯದು ಇದು ಅಂತ ಕೊನೆವರೆಗೂ ಹೇಳುತ್ತಿದ್ದರು. ಅವರಿಗೆ ಈ ಕತ್ತರಿ ಎಷ್ಟು ಉರಿಸಿರಬೇಕು! ಮೂಲ ನೆಗೆಟಿವ್ ಯಾವುದೋ ಹೆದ್ದಾರಿಯ ಅಡಿಪಾಯದಲ್ಲಿ ಹೂತುಹೋಯಿತು ಅನ್ನುವ ಗಾಳಿಸುದ್ದಿ ಈಗಲೂ ಇದೆ. ಅಮೆರಿಕದ ಸಿನಿಮಾ ನಿರ್ಮಾಪಕ ರೋಜರ್ ಕಾರ್ಮನ್ ಹತ್ತಿರ ಉಳಿದಿದ್ದ ಒಂದು ಪ್ರತಿಯಿಂದ ಉದ್ದದ ಆವೃತ್ತಿ ಮತ್ತೆ ಜೀವ ಪಡೆಯಿತು. 2013ರಲ್ಲಿ, ಹಾರ್ವರ್ಡ್ ಚಿತ್ರ ಸಂಗ್ರಹಾಲಯದಲ್ಲಿ ಸಿಕ್ಕ ಪ್ರತಿಯನ್ನು ಆಧರಿಸಿ, ಹಾರ್ಡಿ ಒಪ್ಪಿದ ಮೂರನೆಯ ಆವೃತ್ತಿ ಬಂತು.

ನೋಡುವುದಾದರೆ ಆ 2013ರದನ್ನು ಹುಡುಕಿ. ಗಿಡ್ಡ ಆವೃತ್ತಿಯಲ್ಲಿ ಹೋವಿ ದ್ವೀಪದಲ್ಲಿ ಕಳೆಯುವ ಎರಡು ರಾತ್ರಿಗಳು ಒಂದಾಗಿಬಿಟ್ಟಿವೆ, ಲಾರ್ಡ್ ಸಮ್ಮರೈಲ್ ತಡವಾಗಿ ಬರುತ್ತಾನೆ. ವಿಲೋಳ ಕುಣಿತ ಬಂದ ರಾತ್ರಿಯೇ ಆಗಿಬಿಡುತ್ತದೆ. ಒಂದು ರಾತ್ರಿ ಅವಳ ಕೋಣೆಯ ಸದ್ದು ಕೇಳಿ ನಿದ್ದೆಗೆಟ್ಟವನು ಮರುರಾತ್ರಿ ಅವಳ ಕರೆಗೇ ಗುರಿಯಾಗುವುದರಲ್ಲಿ ಒಂದು ಬಿಗಿ ಇದೆ, ಅದು ಸಡಿಲವಾಗುತ್ತದೆ. 2006ರದನ್ನು ಆಮೇಲೆ ನೋಡಿ, ಬೇಕಿದ್ದರೆ ನಾಲ್ಕು ಜನ ಗೆಳೆಯರನ್ನು ಕೂಡಿಸಿಕೊಂಡು. ಮೊದಲೇ ಅದನ್ನು ನೋಡಿಬಿಟ್ಟರೆ, ಹಳೆಯದರಲ್ಲಿ ಹೋವಿ ಕೋಡಂಗಿ ವೇಷ ತೊಟ್ಟು ಮೆರವಣಿಗೆಗೆ ಸೇರುವಾಗ ನಿಮಗೆ ಸುಮ್ನೆ ಕರಡಿಯ ನೆನಪಾಗುತ್ತದೆ.

ನಮಸ್ಕಾರ.