ಮಾಲ್ಗುಡಿ ಆಮೇಲೆ, ಮೊದಲು ಆ ಸಣ್ಣ ಚೌಕ ತೋರಿಸಿ

ನಮಸ್ಕಾರ. ಇವತ್ತು ಸ್ವಲ್ಪ ಜಗಳ ತೆಗೆಯೋ ಮನಸ್ಸಿದೆ, ಅದೂ ನಮ್ಮವರ ಜೊತೆಗೇ.

ಪುಣೆಯ ಬಾಲೇವಾಡಿಯಲ್ಲಿ ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಹೆಸರಿನ ಮ್ಯೂಸಿಯಂ ಇದೆ. 2022ರ ಮಾರ್ಚ್‌ನಲ್ಲಿ, ಪುಣೆ ಮೆಟ್ರೋ ಶುರುವಾದ ದಿನವೇ ಪ್ರಧಾನಿಯವರು ಇದನ್ನೂ ಉದ್ಘಾಟಿಸಿದರು. ಮುಖ್ಯ ಆಕರ್ಷಣೆ ಮಾಲ್ಗುಡಿ ಊರಿನ ಪುಟ್ಟ ಮಾದರಿ ಅಂತ ಆಗಿನ ಸರ್ಕಾರಿ ಪ್ರಕಟಣೆಯಲ್ಲೇ ಇತ್ತು. ನನ್ನ ತಕರಾರು ಅಲ್ಲಿಂದಲೇ ಶುರು. ಕಥೆಗಳಲ್ಲಿ ಮಾಲ್ಗುಡಿ ಅನ್ನೋ ಊರು ಕಟ್ಟಿದ್ದು ಅಣ್ಣ, ಕಾದಂಬರಿಕಾರ ಆರ್.ಕೆ. ನಾರಾಯಣ್. ತಮ್ಮ ಅದಕ್ಕೆ ಚಿತ್ರ ಬರೆದರು, ಸೊಗಸಾಗಿಯೇ ಬರೆದರು. ಶಂಕರ್ ನಾಗ್ ಆಗುಂಬೆಯಲ್ಲಿ ತೆಗೆದ ಧಾರಾವಾಹಿಯಿಂದಾಗಿ ಆ ಗೆರೆಗಳು ನಮ್ಮ ಮನೆಮನೆಗೂ ಬಂದವು. ಎಲ್ಲಾ ಸರಿ. ಆದರೆ ಈ ಲಕ್ಷ್ಮಣ್ 1951ರಿಂದ ದಶಕಗಟ್ಟಲೆ, ಟೈಮ್ಸ್ ಆಫ್ ಇಂಡಿಯಾದ ಮುಖಪುಟದ ಒಂದು ಸಣ್ಣ ಚೌಕದಲ್ಲಿ ಅಧಿಕಾರದಲ್ಲಿದ್ದವರ ಕಾಲೆಳೆದರಲ್ಲ, ಅವರ ಜೀವಮಾನದ ಕೆಲಸ ಅದು. ಅದನ್ನು ಬಿಟ್ಟು ನಾವು ಮೊದಲು ಓಡೋದು ಸ್ವಾಮಿ ಮತ್ತವನ ಗೆಳೆಯರ ಊರಿಗೆ.

ಮೊನ್ನೆ ಪುಣೆಯ ನಮ್ಮ ಕನ್ನಡ ಗೆಳೆಯರ ಗುಂಪು ಅಲ್ಲಿಗೆ ಹೋಗಿದ್ದೆವು. ಧಾರವಾಡದವರು, ಬೆಳಗಾವಿಯವರು, ಮೈಸೂರಿನವರು, ಹಿಂಜವಡಿಯಲ್ಲಿ ಕೆಲಸ ಮಾಡೋ ಹುಡುಗ ಹುಡುಗಿಯರು. ಜೊತೆಗೆ ಪಿಂಪ್ರಿಯ ಕಾರ್ಖಾನೆಯಿಂದ ನಿವೃತ್ತರಾದ ಒಬ್ಬ ಹಿರಿಯರು, ನಾವೆಲ್ಲ ಕಾಕಾ ಅಂತೀವಿ. ಮೈಸೂರಿನ ಗೆಳತಿಗಂತೂ ಬಾಗಿಲಲ್ಲೇ ಹೆಮ್ಮೆ: "ನಮ್ಮೂರಿನವರು ಕಣ್ರೀ!" ಹೌದಮ್ಮ, ನಿಮ್ಮೂರಿನವರೇ. ಮಹಾರಾಜಾ ಕಾಲೇಜಿನಲ್ಲಿ ಓದಿದವರು. ಮುಂಬೈಯ ಜೆ.ಜೆ. ಕಲಾಶಾಲೆ ಇವರ ಅರ್ಜಿ ತಿರಸ್ಕರಿಸಿತ್ತು, ಅದು ಎಲ್ಲರಿಗೂ ಗೊತ್ತಿರೋ ಕಥೆ. ಎಲ್ಲರೂ ಹೇಳದೆ ಬಿಡೋದು ಇನ್ನೊಂದಿದೆ. 'ರಾಶಿ' ಅಂತಲೇ ಹೆಸರಾದ ಡಾ. ಎಂ. ಶಿವರಾಂ 1942ರಲ್ಲಿ ಶುರು ಮಾಡಿದ 'ಕೊರವಂಜಿ'ಯಲ್ಲಿ ಈ ಹುಡುಗನ ಚಿತ್ರಗಳು ಅಚ್ಚಾಗುತ್ತಿದ್ದವು. ವೈದ್ಯಕೀಯ ಮಾಡಿಕೊಂಡೇ ಹಾಸ್ಯಪತ್ರಿಕೆ ನಡೆಸಿದ ಕನ್ನಡದ ಡಾಕ್ಟರು ಗುರುತಿಸಿದ್ದನ್ನ ಕಲಾಶಾಲೆ ಗುರುತಿಸಲಿಲ್ಲ. ನಾವು ಹೆಮ್ಮೆ ಪಡೋದಾದರೆ ಇದಕ್ಕೆ ಪಡಬೇಕು, ಅವರು ಹುಟ್ಟಿದ ಊರಿಗಲ್ಲ.

ಇರಲಿ. ಒಳಗೆ ಇಂದಿರಾ ಗಾಂಧಿಯವರ ಒಂದು ಚಿತ್ರದ ಮುಂದೆ ನಿಂತೆವು. ಆ ಉದ್ದ ಮೂಗು, ಸುತ್ತ ಒಂದಿಷ್ಟು ಹಿರಿಯ ನಾಯಕರು. ಹುಡುಗರು ನೋಡಿದರು, ಮೂಗಿಗೆ ನಕ್ಕರು, ಮುಂದಕ್ಕೆ ಹೊರಟರು. ಕಾಕಾ ತಡೆದರು. "ಏ ನಿಂದ್ರಪಾ. ನಿಜಲಿಂಗಪ್ಪ ಅಂದ್ರ ಗೊತ್ತೇನು?" ಗೊತ್ತು, ಏಕೀಕರಣದ ಪಾಠದಲ್ಲಿ ಬರುತ್ತೆ ಅಂದರು. "ಅವರ ಕಾಂಗ್ರೆಸ್ ಅಧ್ಯಕ್ಷ ಇದ್ದಾಗ ಪ್ರಧಾನಿನ್ನ ಪಕ್ಷದಿಂದ ಹೊರಗ ಹಾಕಿದ್ದು. 1969. ಅದಕ್ಕೂ ಮೊದಲ ಬೆಂಗಳೂರಾಗ, ಲಾಲ್‌ಬಾಗ್ ಗಾಜಿನಮನ್ಯಾಗ ಅಧಿವೇಶನ ಆಗಿತ್ತು. ಇಂದಿರಾಗೂ ಈ ಹಿರಿಯರಿಗೂ ಇದ್ದ ಜಗಳ ಬಯಲಿಗೆ ಬಿದ್ದದ್ದು ಅಲ್ಲೇ." ಆಮೇಲೆ ಬ್ಯಾಂಕ್ ರಾಷ್ಟ್ರೀಕರಣ ಬಂತು, ಗಿರಿಯವರ ರಾಷ್ಟ್ರಪತಿ ಚುನಾವಣೆ ಬಂತು, ಕಾಕಾ ಆಗ ಧಾರವಾಡದ ಹಾಸ್ಟೆಲಿನಲ್ಲಿ ಯಾರ ಜೊತೆ ಬಡಿದಾಡಿದರು ಅನ್ನೋದೂ ಬಂತು. ಹುಡುಗರು ಮತ್ತೆ ಚಿತ್ರದ ಕಡೆ ತಿರುಗಿದರು. ಈ ಸಲ ನಕ್ಕದ್ದು ಮೂಗಿಗಲ್ಲ.

ನಾನು ಹೇಳಬೇಕಂತಿರೋದು ಇಷ್ಟೇ. ದಿನಪತ್ರಿಕೆಯ ವ್ಯಂಗ್ಯಚಿತ್ರದಲ್ಲಿ ಅರ್ಧವನ್ನು ಮಾತ್ರ ಚಿತ್ರಕಾರ ಬರೆದಿರ್ತಾರೆ. ಇನ್ನರ್ಧ ಆ ದಿನದ ಸುದ್ದಿ, ಅದು ಓದುಗನ ತಲೆಯಲ್ಲಿ ಮೊದಲೇ ಕೂತಿರುತ್ತೆ. ಪೇಪರ್ ರದ್ದಿಗೆ ಹೋದಾಗ ಆ ಅರ್ಧವೂ ಹೋಗುತ್ತೆ. ಉಳಿದದ್ದನ್ನ ಚೌಕಟ್ಟು ಹಾಕಿ, ಲೈಟು ಬಿಟ್ಟು ಗೋಡೆಗೆ ತೂಗಿಹಾಕಿದರೆ ಕಾಣೋದು ಒಳ್ಳೆಯ ರೇಖಾಚಿತ್ರ ಅಷ್ಟೇ. ಚುಚ್ಚೋದಿಲ್ಲ. ಇವರು ಚುಚ್ಚೋದಕ್ಕೇ ಬರೆದವರು, ಸ್ವಾಮಿ.

ಗೌರವಿಸೋದರಲ್ಲಿ ಈ ಅಪಾಯ ಯಾವಾಗಲೂ ಇರುತ್ತೆ ಅನಿಸುತ್ತೆ ನನಗೆ. ಲಕ್ಷ್ಮಣ್ ತಮ್ಮ ಚೌಕದಲ್ಲಿ ನಿಲ್ಲಿಸಿದ ಶ್ರೀಸಾಮಾನ್ಯನನ್ನೇ ತಗೊಳ್ಳಿ. ಚೌಕಳಿ ಕೋಟು, ಕಚ್ಚೆ ಪಂಚೆ, ಕಿವಿಯ ಹಿಂದೆ ನಾಲ್ಕು ಕೂದಲು. ಒಂದು ಮಾತಾಡಲ್ಲ. ಮಂತ್ರಿ ಭಾಷಣ ಬಿಗಿಯುವಾಗ ಎಲ್ಲೋ ಮೂಲೆಯಲ್ಲಿ, ಯಾರ ಗಮನಕ್ಕೂ ಬಾರದೆ ನಿಂತಿರ್ತಾನೆ. ಅವನಿಗೆ ಪುಣೆಯ ಸಿಂಬಯಾಸಿಸ್ ಕ್ಯಾಂಪಸ್‌ನಲ್ಲಿ ಒಂದು ಪ್ರತಿಮೆ, ಮುಂಬೈಯ ವರ್ಲಿ ಸಮುದ್ರದ ದಂಡೆಯಲ್ಲಿ ಇನ್ನೊಂದು. ನಮ್ಮ ಕ್ಯಾಪ್ಟನ್ ಗೋಪಿನಾಥ್ ಏರ್ ಡೆಕ್ಕನ್ ಅನ್ನೋ ಅಗ್ಗದ ವಿಮಾನ ಕಂಪನಿ ಕಟ್ಟಿ, ಅವನನ್ನೇ ಅದರ ಗುರುತಾಗಿಸಿ ವಿಮಾನವನ್ನೂ ಹತ್ತಿಸಿದರು; ಅದನ್ನ ಬೇಕಾದರೆ ಒಪ್ಪುತ್ತೇನೆ, ಕಡಿಮೆ ದುಡ್ಡಿನ ಟಿಕೆಟ್ಟು ಅವನಿಗೆ ಬೇಕೇ ಇತ್ತು. ಆದರೆ ಪೀಠದ ಮೇಲೆ ನಿಂತ ಶ್ರೀಸಾಮಾನ್ಯ? ಪೀಠದ ಮೇಲಿರೋರನ್ನ ಕೆಳಗಿಂದ ನೋಡೋದೇ ಅವನ ಕೆಲಸವಾಗಿತ್ತಲ್ಲ!

ಹೊರಗೆ ಚಹಾ ಕುಡಿಯುವಾಗ ಇದನ್ನೆಲ್ಲ ಹೇಳಿದೆ. ಮೈಸೂರಿನ ಗೆಳತಿ ಬಿಡಲಿಲ್ಲ. "ಮಾಲ್ಗುಡಿ ಇಲ್ಲದಿದ್ದರೆ ನನ್ನ ಮಕ್ಕಳು ಇಲ್ಲಿಗೆ ಬರ್ತಾನೇ ಇರಲಿಲ್ಲ. ಮಕ್ಕಳಿಗೆ 1969 ಕಟ್ಟಿಕೊಂಡು ಏನಾಗಬೇಕು ಹೇಳಿ?" ಮಾತು ಸುಳ್ಳಲ್ಲ. ಮಾಲ್ಗುಡಿ ತೆಗೀರಿ ಅಂತ ನಾನೂ ಹೇಳ್ತಿಲ್ಲ. ಮಕ್ಕಳನ್ನ ಒಳಗೆ ಕರೆಯೋಕೆ ಅದು ಬಾಗಿಲಲ್ಲಿರಲಿ, ನಡುಮನೆಯಲ್ಲಿ ಬೇಡ.

ನನ್ನ ಬೇಡಿಕೆ ಬಹಳ ದೊಡ್ಡದಲ್ಲ. ದಿನಾ ಬೆಳಗ್ಗೆ ಮ್ಯೂಸಿಯಂ ಬಾಗಿಲಲ್ಲಿ ಆ ಸಣ್ಣ ಚೌಕದ ಒಂದೇ ಒಂದು ಪಾಕೆಟ್ ಕಾರ್ಟೂನ್ ಹಾಕಲಿ. ಇದೇ ತಾರೀಖಿನದ್ದು, ಯಾವುದೋ ಹಳೆಯ ವರ್ಷದ್ದು. ಪಕ್ಕದಲ್ಲಿ ಆ ದಿನದ ಮುಖಪುಟದ ಪೂರ್ತಿ ಪ್ರತಿ, ಕೆಳಗೆ ಮರಾಠಿಯಲ್ಲಿ ನಾಲ್ಕು ಸಾಲು, ಸಾಧ್ಯವಾದರೆ ಕನ್ನಡದಲ್ಲೂ. ಅರ್ಧ ಶತಮಾನದ ಸರಕು ಇದೆ, ತೀರುವ ಭಯವಿಲ್ಲ. ಖರ್ಚು ಅಂದರೆ ಒಂದು ಮೊಳೆ, ಒಂದು ಗಾಜಿನ ಚೌಕಟ್ಟು, ದಿನಕ್ಕೆರಡು ಹಾಳೆ ಪ್ರಿಂಟು. ಹಳೆ ಚಿತ್ರದ ರಸ್ತೆಗುಂಡಿಯನ್ನೂ ಈ ಬೆಳಗಿನ ಪೇಪರಿನ ರಸ್ತೆಗುಂಡಿಯನ್ನೂ ಜನ ತಾವೇ ಹೋಲಿಸಿಕೊಳ್ತಾರೆ.

ಕಾಕಾ ಬಶಿಯಲ್ಲಿ ಚಹಾ ಆರಿಸ್ತಾ ಅಂದರು: "ಹಂಗ ಮಾಡಿದ್ರ ನಾ ದಿನಾ ಬರ್ತೀನಿ ನೋಡು. ಬಸ್ಸಿನ ಪಾಸ್ ಹೆಂಗೂ ಅದ. ಆದ್ರ ಉದ್ಘಾಟನಾಕ್ಕ ಮಂತ್ರಿಗಳನ್ನ ಕರೀಬ್ಯಾಡ್ರಿ, ಮೊದಲನೇ ದಿನಾನೇ ಚಿತ್ರ ಬದಲಿ ಮಾಡಸ್ತಾರ."