ಸೀಬೋಲ್ಡನಿಗೆ ಜಪಾನ್ ತೋರಿಸಿದವರು

ಎಲ್ಲರಿಗೂ ನಮಸ್ಕಾರ. ಅಧ್ಯಕ್ಷರು ಈಗಷ್ಟೇ 'ಜಪಾನನ್ನು ಜಗತ್ತಿಗೆ ತೋರಿಸಿದ ಜರ್ಮನ್ ವೈದ್ಯ' ಎಂದರು. ಸಾರ್, ಬೇಜಾರು ಮಾಡಿಕೊಳ್ಳಬೇಡಿ, ನನ್ನ ತಕರಾರು ಅಲ್ಲಿಂದಲೇ ಶುರು. ಫಿಲಿಪ್ ಫ್ರಾಂಜ್ ಫಾನ್ ಸೀಬೋಲ್ಡ್ ದೊಡ್ಡವನೇ, ಎರಡು ಮಾತಿಲ್ಲ. ಆದರೆ ಅವನಿಗೆ ಜಪಾನ್ ತೋರಿಸಿದವರು ಯಾರು? ಇವತ್ತು ನನ್ನದು ಇದೊಂದೇ ಪ್ರಶ್ನೆ.

ಹುಟ್ಟಿದ್ದು 1796ರಲ್ಲಿ, ವುರ್ಟ್ಸ್‌ಬುರ್ಗ್‌ನಲ್ಲಿ. ಮನೆತನದ ತುಂಬ ಡಾಕ್ಟರುಗಳು. ಊರಲ್ಲೇ ಪ್ರಾಕ್ಟೀಸ್ ಮಾಡಿಕೊಂಡು ಹಾಯಾಗಿರಬಹುದಿತ್ತು. ಆಸಾಮಿ ಡಚ್ಚರ ಸೇನಾವೈದ್ಯನಾಗಿ ಜಾವಾಕ್ಕೆ ಹೊರಟ. ಅಲ್ಲಿಂದ 1823ರಲ್ಲಿ ನಾಗಸಾಕಿಗೆ. ಆಗಿನ ಜಪಾನ್ ನಿಮಗೆ ಗೊತ್ತೇ ಇದೆ, ಬಾಗಿಲು ಹಾಕಿಕೊಂಡು ಕೂತಿತ್ತು. ಯುರೋಪಿನವರಲ್ಲಿ ಡಚ್ಚರಿಗೆ ಮಾತ್ರ ಪ್ರವೇಶ. ಅದೂ ಎಲ್ಲಿಗೆ? ದೆಜಿಮಾ ಎಂಬ ಬೀಸಣಿಗೆ ಆಕಾರದ ಪುಟ್ಟ ಕೃತಕ ದ್ವೀಪಕ್ಕೆ.

ಬಂದಿಳಿದ ಕೂಡಲೇ ಫಜೀತಿ. ಜಪಾನಿ ದುಭಾಷಿಗಳು ತಲೆಮಾರುಗಳಿಂದ ಡಚ್ ಮಾತಾಡಿ ಪಳಗಿದವರು. ಇವನ ಡಚ್ ಕೇಳಿದರೆ ಎಲ್ಲೋ ಎಡವಟ್ಟು. ಇವನು ನಿಜವಾಗಿ ಡಚ್ಚನೇನಾ? ಆಗ ಸಿಕ್ಕ ಸಮಜಾಯಿಷಿ ಏನು ಗೊತ್ತಾ? ಇವನು 'ಬೆಟ್ಟದ ಡಚ್ಚ', ಆ ಕಡೆಯವರು ಮಾತಾಡುವುದೇ ಹೀಗೆ! ಹಾಲೆಂಡಿನಲ್ಲಿ ಬೆಟ್ಟ! ಸುಮಾರು ಕಾಲು ಭಾಗ ಸಮುದ್ರಮಟ್ಟಕ್ಕಿಂತ ಕೆಳಗಿರುವ ದೇಶ ಸ್ವಾಮಿ ಅದು. ದುಭಾಷಿಗಳು ಇದನ್ನು ನಂಬಿದರೋ, ಹೋಗಲಿ ಪಾಪ ಅಂತ ಸುಮ್ಮನಾದರೋ. ನನಗನ್ನಿಸುವುದು ಎರಡನೆಯದೇ. ನೋಡಿ, ಮೊದಲ ಹೆಜ್ಜೆಯಲ್ಲೇ ಅವನನ್ನು ಒಳಗೆ ಬಿಟ್ಟುಕೊಂಡವರು ಅವರು.

ರೋಗಿಗಳಿಂದ ಫೀಸು ತೆಗೆದುಕೊಳ್ಳುವ ಹಾಗಿರಲಿಲ್ಲ. ವಾಸಿಯಾದವರು ಮನೆಯಲ್ಲಿದ್ದ ವಸ್ತುಗಳನ್ನೇ ತಂದುಕೊಟ್ಟರು. ಅವನ ಸಂಗ್ರಹ ಬೆಳೆದದ್ದು ಹೀಗೂ ಹೌದು. 1824ರಲ್ಲಿ ನಾಗಸಾಕಿಯ ಹೊರವಲಯದ ನಾರುತಾಕಿಯಲ್ಲಿ ಶಾಲೆ ತೆರೆದ. ಶಿಷ್ಯರು ವೈದ್ಯ ಕಲಿತರು, ಜೊತೆಗೆ ಜಪಾನಿನ ಚಹಾ, ಗಿಡಮರ, ರೀತಿನೀತಿಗಳ ಬಗ್ಗೆ ಡಚ್ಚಿನಲ್ಲಿ ಪ್ರಬಂಧ ಬರೆದುಕೊಟ್ಟರು. ಮುಂದೆ ಅವನು ಜಪಾನ್ ಬಗ್ಗೆ ಪ್ರಕಟಿಸಿದ 'ನಿಪ್ಪೋನ್' ಗ್ರಂಥಕ್ಕೆ ಹೂರಣ ಅರೆದವರು ಯಾರು, ಈಗ ನೀವೇ ಹೇಳಿ.

1826ರಲ್ಲಿ ಡಚ್ಚರ ತಂಡದ ಜೊತೆ ಎಡೋಗೆ, ಅಂದರೆ ಇವತ್ತಿನ ಟೋಕಿಯೋಗೆ ಹೋದ. ಅಲ್ಲಿ ಬೆಲಡೋನಾ ಎಂಬ ಗಿಡದ ಔಷಧ ಹಾಕಿ ಕಣ್ಣಿನ ಪಾಪೆ ಹಿಗ್ಗಿಸಿ ತೋರಿಸಿದ. ಪಾಪೆ ಹಿಗ್ಗಿದರೆ ಪೊರೆಯ ಆಪರೇಷನ್ ಸಲೀಸು, ಇಲ್ಲಿ ಕೂತ ಮೆಡಿಕಲ್ ವಿದ್ಯಾರ್ಥಿಗಳಿಗೆ ಹೇಳಬೇಕಾಗಿಲ್ಲ. ಶೋಗನ್, ಅಂದರೆ ಆಗ ಜಪಾನ್ ಆಳುತ್ತಿದ್ದ ಸೇನಾಧಿಪತಿ. ಅವನ ಕಣ್ಣಿನ ವೈದ್ಯ ಹಾಬು ಗೆನ್ಸೆಕಿ ಆ ಔಷಧಕ್ಕೆ ಮರುಳಾದ. ಬದಲಿಗೆ ಶೋಗನ್ನನ ಲಾಂಛನವಿದ್ದ ನಿಲುವಂಗಿಯನ್ನೇ ಕೊಟ್ಟುಬಿಟ್ಟ. ಆಸ್ಥಾನದ ಖಗೋಳಜ್ಞ ತಾಕಾಹಾಶಿ ಕಾಗೆಯಾಸು ಇನ್ನೂ ಮುಂದೆ ಹೋದ. ರಷ್ಯದ ನಾವಿಕ ಕ್ರೂಸೆನ್‌ಷ್ಟೆರ್ನ್‌ನ ಪ್ರವಾಸಗ್ರಂಥ ಅವನಿಗೆ ಬೇಕಿತ್ತು. ಅದಕ್ಕಾಗಿ ಇನೋ ತಾದಾತಾಕಾ ಅಳೆದು ಬರೆದ ಜಪಾನಿನ ನಕ್ಷೆಯ ಪ್ರತಿ ಕೊಟ್ಟ. ವಿದೇಶಿಯರಿಗೆ ನಕ್ಷೆ ಕೊಡುವುದು ಘೋರ ಅಪರಾಧ.

1828ರಲ್ಲಿ ಗುಟ್ಟು ರಟ್ಟಾಯಿತು. ಹಾಬುವಿನ ಪದವಿ ಹೋಯಿತು. ತಾಕಾಹಾಶಿ 1829ರಲ್ಲಿ ಜೈಲಿನಲ್ಲೇ ಸತ್ತ. ಶವವನ್ನು ಉಪ್ಪಿನಲ್ಲಿಟ್ಟು ಕಾಪಾಡಿದರು. ಆಮೇಲೆ ತೀರ್ಪು ಬಂತು, ಮರಣದಂಡನೆ! ಸತ್ತವನಿಗೆ! ಸೀಬೋಲ್ಡನಿಗೆ ಸಿಕ್ಕ ಶಿಕ್ಷೆ ಗಡಿಪಾರು. ಹೋಗುವಾಗ ಸಂಗ್ರಹವೂ ಜೊತೆಗಿತ್ತು. ನಕ್ಷೆ ಪಡೆದವನು ಹಾಲೆಂಡಿನ ಲೈಡನ್ನಿನಲ್ಲಿ ಪುಸ್ತಕ ಬರೆದ, ಕೊಟ್ಟವನು ಉಪ್ಪಿನಲ್ಲಿದ್ದ. ನನ್ನ ತಕರಾರು ಇದೇ ಸಾರ್.

ಚೀಟಿ ಬಂತು, ಐದು ನಿಮಿಷವಂತೆ. ಹಾಗಾದರೆ ಜಾವಾದ ಚಹಾ ತೋಟಗಳ ಕಥೆ ಬಿಟ್ಟೆ. ಅವನು ಯುರೋಪಿಗೆ ಒಯ್ದ ಜಪಾನಿ ನಾಟ್‌ವೀಡ್ ಗಿಡಕ್ಕೆ ಆಗ ಚಿನ್ನದ ಪದಕ ಬಂತು, ಈಗ ಅದನ್ನು ಕಿತ್ತು ಹಾಕಲು ಇಂಗ್ಲೆಂಡಿನವರು ಪಡುವ ಪಾಡು ಕೇಳಬೇಡಿ. ಒಂದು ಜೋಡಿ ದೈತ್ಯ ಸಾಲಮಾಂಡರ್‌ಗಳನ್ನೂ ಹಡಗು ಹತ್ತಿಸಿದ್ದ. ದಾರಿಯಲ್ಲಿ ಗಂಡು ಹೆಣ್ಣನ್ನು ತಿಂದು ಹಾಕಿತು. ಅದೂ ಇರಲಿ.

ಇನೆ ಬಗ್ಗೆ ಹೇಳದೆ ಇಳಿಯುವುದಿಲ್ಲ. ಸೀಬೋಲ್ಡ್ ಮತ್ತು ಕುಸುಮೊತೊ ತಾಕಿಯ ಮಗಳು, 1827ರಲ್ಲಿ ಹುಟ್ಟಿದವಳು. ಅಪ್ಪ ಹೋದಾಗ ಎರಡು ವರ್ಷದ ಮಗು. ಹೈಡ್ರೇಂಜಿಯಾ ಹೂವಿಗೆ ಹೆಂಡತಿಯ ನೆನಪಿಗೆ 'ಒತಾಕ್ಸಾ' (ಒ-ತಾಕಿ-ಸಾನ್) ಎಂದು ಹೆಸರಿಟ್ಟನಲ್ಲ, ಅದನ್ನು ಎಲ್ಲರೂ ಭಾವುಕರಾಗಿ ಹೇಳುತ್ತಾರೆ. ಆದರೆ ಮಗಳಿಗೆ ವೈದ್ಯ ಕಲಿಸಿದ್ದು ಯಾರು? ಅವನ ಶಿಷ್ಯ ನಿನೊಮಿಯಾ ಕೇಸಾಕು. ನಕ್ಷೆಯ ಗಲಾಟೆಯಲ್ಲಿ ತಾನೂ ಶಿಕ್ಷೆ ಅನುಭವಿಸಿದವನು. ಜಪಾನಿನಲ್ಲಿ ಪಾಶ್ಚಾತ್ಯ ವೈದ್ಯ ಕಲಿತ ಮೊದಲ ಮಹಿಳೆ ಎಂದು ಇನೆಯನ್ನು ಗುರುತಿಸುತ್ತಾರೆ. 1873ರಲ್ಲಿ ಅರಮನೆಯ ಹೆರಿಗೆಗೂ ಅವಳನ್ನೇ ಕರೆಸಿದರು. ಅಪ್ಪ 1859ರಲ್ಲಿ ಮತ್ತೆ ಬಂದಾಗ ಮಗಳು ಆಗಲೇ ಡಾಕ್ಟರ್.

ಇನ್ನೊಂದು ಚೀಟಿ. ಆಯ್ತು ಸಾರ್, ಇಳಿದೆ. ಜಾವಾದ ಕಥೆ ಬೇಕಾದವರು ಹೊರಗೆ ಕಾಫಿ ಹತ್ತಿರ ಸಿಗಿ.